ದಿನಕ್ಕೊಂದು ಹಬ್ಬ, ಹಬ್ಬಕ್ಕೊಂದು ಅಡುಗೆ

ಅದು ಜೂನ್ ತಿಂಗಳ ಮೊದಲ ಶುಕ್ರವಾರ. ಯೇಸುವಿನ ಪವಿತ್ರ ಹೃದಯದ ಭಕ್ತಿಗೆ ಮೀಸಲಾದ ದಿನವಾದ್ದರಿಂದ ಸಂಜೆಯ ಬಲಿಪೂಜೆಗೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಪೂಜೆ ಮುಗಿಸಿ ಹೊರಬಂದಾಗ ಕಾಲೇಜಿನಲ್ಲಿ ಓದುತ್ತಿರುವ ಹುಡುಗನೊಬ್ಬ ನಗುತ್ತಾ ಮೊಬೈಲನ್ನು ನನ್ನ ಮುಂದೆ ಹಿಡಿದ. "ಫಾದರ್, ಇವತ್ತು ಅಮೆರಿಕಾದಲ್ಲಿ ಡೋನಟ್ ದಿನವಂತೆ. ಅಂಗಡಿಗಳಲ್ಲಿ ಪುಕ್ಕಟೆಯಾಗಿ ಹಂಚುತ್ತಾರಂತೆ. ಐಸ್‌ಕ್ರೀಮಿಗೊಂದು ದಿನ, ಚಾಕೊಲೇಟಿಗೊಂದು ದಿನ, ಪ್ಯಾನ್‌ಕೇಕಿಗೊಂದು ದಿನ! ನಮ್ಮ ಧರ್ಮಸಭೆಯಲ್ಲೂ ಇಂಥ ತಮಾಷೆಯ ದಿನಗಳಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!"

ನನಗೂ ನಗು ಬಂತು. ಆದರೆ ರಾತ್ರಿ ಒಬ್ಬನೇ ಊಟಕ್ಕೆ ಕುಳಿತಾಗ ಅವನ ಮಾತು ಮತ್ತೆ ನೆನಪಾಯಿತು. ಧರ್ಮಸಭೆಯಲ್ಲಿ ಅಂಥ ದಿನಗಳಿಲ್ಲವೆಂದು ಅವನಿಗೆ ಹೇಳಿದವರಾರು? ಅವನು ಹೆಸರಿಸಿದ ಪ್ಯಾನ್‌ಕೇಕಿನ ದಿನವೇ ಧರ್ಮಸಭೆಯ ಪಂಚಾಂಗದಿಂದ ಹುಟ್ಟಿದ್ದು. ಡೋನಟ್ ದಿನವೂ ಕ್ರೈಸ್ತ ಸ್ತ್ರೀಯರ ಸೇವೆಯ ನೆನಪೇ ಹೊರತು ಅಂಗಡಿಯವರು ಕಂಡುಹಿಡಿದದ್ದಲ್ಲ. ಹಬ್ಬದ ಅಡುಗೆ ನಮ್ಮ ಕೈಯಲ್ಲಿ ಉಳಿದಿದೆ. ಅಡುಗೆಯ ಹಿಂದಿನ ಕಥೆ ಕೈಬಿಟ್ಟುಹೋಗಿದೆ. ಆ ಕಥೆಗಳಲ್ಲಿ ಕೆಲವನ್ನಾದರೂ ನಮ್ಮ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ದಿನಗಳ ಸಂತೆ

ಇಂದು ವರ್ಷದ 365 ದಿನಗಳೂ ಯಾವುದಾದರೊಂದು ತಿಂಡಿಯ ಅಥವಾ ವಸ್ತುವಿನ ಹೆಸರಿಗೆ ಬರೆದುಹೋಗಿವೆ. ಇಂಥ ದಿನಗಳನ್ನೆಲ್ಲ ಒಂದೆಡೆ ಪಟ್ಟಿಮಾಡುವ ಕೆಲಸವನ್ನು ವಿಲಿಯಂ ಚೇಸ್ ಮತ್ತು ಹ್ಯಾರಿಸನ್ ಚೇಸ್ ಎಂಬ ಅಮೆರಿಕಾದ ಸಹೋದರರಿಬ್ಬರು 1957ರಲ್ಲಿ ಆರಂಭಿಸಿದರು. ಒಂದು ತೆಳ್ಳನೆಯ ಪುಸ್ತಿಕೆಯಾಗಿ ಹುಟ್ಟಿದ ಆ ಪಟ್ಟಿ ಮುಂದೆ 12,000ಕ್ಕೂ ಹೆಚ್ಚು ದಾಖಲೆಗಳುಳ್ಳ ದಪ್ಪ ಗ್ರಂಥವಾಯಿತು. 1984ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಜುಲೈ ತಿಂಗಳನ್ನು ಐಸ್‌ಕ್ರೀಮಿನ ತಿಂಗಳೆಂದೂ ಆ ವರ್ಷದ ಜುಲೈ 15ನ್ನು ಐಸ್‌ಕ್ರೀಮಿನ ದಿನವೆಂದೂ ಅಧಿಕೃತವಾಗಿ ಘೋಷಿಸಿದರು. ಇಂಥ ಬೇಡಿಕೆಗಳು ಎಷ್ಟು ಹೆಚ್ಚಿದವೆಂದರೆ, 1995ರಲ್ಲಿ ಅಮೆರಿಕಾದ ಪ್ರತಿನಿಧಿಗಳ ಸಭೆಯು ದಿನಾಚರಣೆಗಳನ್ನು ಘೋಷಿಸುವ ಮಸೂದೆಗಳನ್ನೇ ತನ್ನ ನಿಯಮಾವಳಿಯಿಂದ ಹೊರಗಿಟ್ಟಿತು. ಆದರೆ ಸರ್ಕಾರ ಬಾಗಿಲು ಮುಚ್ಚಿದರೆ ವ್ಯಾಪಾರಿ ಕಿಟಕಿ ತೆರೆಯಬಲ್ಲ. ದಿನಗಳ ಸಂತೆ ನಿಲ್ಲಲಿಲ್ಲ.

ಇದನ್ನೆಲ್ಲ ಕೇವಲ ವ್ಯಾಪಾರವೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಹುಡುಗ ಹೇಳಿದ ಡೋನಟ್ ದಿನದ ಮೂಲವನ್ನು ಹುಡುಕುತ್ತಾ ಹೋದರೆ ನಾವು ತಲುಪುವುದು ಅಂಗಡಿಯನ್ನಲ್ಲ, ಯುದ್ಧಭೂಮಿಯನ್ನು.

ಮೊದಲನೆಯ ಮಹಾಯುದ್ಧದ ಸಮಯ. 1917ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯು ಅಮೆರಿಕಾದಿಂದ ಫ್ರಾನ್ಸಿಗೆ ತನ್ನ ಸ್ವಯಂಸೇವಕರನ್ನು ಕಳುಹಿಸಿತು. ಅವರಲ್ಲಿ ಹೆಲೆನ್ ಪರ್ವಿಯನ್ಸ್ ಮತ್ತು ಮಾರ್ಗರೆಟ್ ಶೆಲ್ಡನ್ ಎಂಬ ಇಬ್ಬರು ಮಹಿಳೆಯರಿದ್ದರು. ಎಡೆಬಿಡದ ಮಳೆಯಲ್ಲಿ, ಕೆಸರಿನಲ್ಲಿ, ಮನೆಯ ನೆನಪಿನಲ್ಲಿ ಕುಗ್ಗಿದ್ದ ಯುವ ಸೈನಿಕರಿಗೆ ಮನೆಯ ರುಚಿಯ ಏನನ್ನಾದರೂ ಮಾಡಿಕೊಡಬೇಕೆಂದು ಇವರ ಮನಸ್ಸು ಹಂಬಲಿಸಿತು. ಕೇಕ್ ಬೇಯಿಸಲು ಸೌಕರ್ಯವಿಲ್ಲ. ಇದ್ದದ್ದು ಹಿಟ್ಟು, ಸಕ್ಕರೆ, ಡಬ್ಬಿಯ ಹಾಲು, ಕೊಬ್ಬು, ಒಂದು ಸಣ್ಣ ಬಾಣಲೆ. ಲಟ್ಟಣಿಗೆಯ ಬದಲು ಖಾಲಿ ಸೀಸೆಯಿಂದ ಹಿಟ್ಟು ಲಟ್ಟಿಸಿ, ಒಂದು ಸಲಕ್ಕೆ ಏಳರಂತೆ ಕರಿದರು. ಮೊದಲ ದಿನ ಆದದ್ದು ಸುಮಾರು 150 ಡೋನಟ್‌ಗಳು. ಸೈನಿಕರ ಸಾಲು ಅದಕ್ಕಿಂತ ಬಹಳ ಉದ್ದವಾಗಿತ್ತು. ಒಲೆ ನೆಲಮಟ್ಟದಲ್ಲಿದ್ದುದರಿಂದ ತಾನು ಮೊಣಕಾಲೂರಿಯೇ ಅವನ್ನು ಕರಿದೆನೆಂದೂ, ಈ ತಿಂಡಿ ಹೊಟ್ಟೆಯ ಹಸಿವಿಗಿಂತ ಆಳವಾದ ಹಸಿವನ್ನೂ ತಣಿಸಲೆಂದು ಮನದಲ್ಲೇ ಪ್ರಾರ್ಥಿಸಿದೆನೆಂದೂ ಹೆಲೆನ್ ಮುಂದೆ ನೆನಪಿಸಿಕೊಂಡರು.

ಆರ್ಥಿಕ ಕುಸಿತದ ದಿನಗಳಲ್ಲಿ, 1938ರಲ್ಲಿ, ಷಿಕಾಗೋ ನಗರದ ಸಾಲ್ವೇಷನ್ ಆರ್ಮಿಯವರು ಆ ಮಹಿಳೆಯರ ಗೌರವಾರ್ಥ ಜೂನ್ ತಿಂಗಳಲ್ಲಿ ಡೋನಟ್ ದಿನವನ್ನು ಏರ್ಪಡಿಸಿ, ಸಂಗ್ರಹವಾದ ಹಣವನ್ನು ನಿರ್ಗತಿಕರಿಗೆ ವಿನಿಯೋಗಿಸಿದರು. ಉದ್ದಿನ ವಡೆಯಂತೆ ನಡುವೆ ತೂತಿರುವ ಆ ಸಿಹಿತಿಂಡಿಯ ಹಿಂದೆ ಮೊಣಕಾಲೂರಿದ ಒಬ್ಬ ಸೇವಕಿಯಿದ್ದಾಳೆ, ಹಸಿದವರ ಸಾಲೊಂದಿದೆ. ಪುಕ್ಕಟೆ ಡೋನಟ್ಟಿಗೆ ಕೈಚಾಚುವವರಲ್ಲಿ ಎಷ್ಟು ಮಂದಿಗೆ ಈ ಕಥೆ ಗೊತ್ತು?

ಮೊದಲ ಪಂಚಾಂಗ, ಮೊದಲ ಊಟ

ಒಂದು ದಿನವನ್ನೂ ಒಂದು ಅಡುಗೆಯನ್ನೂ ಜೋಡಿಸುವ ಪದ್ಧತಿ ನಮ್ಮ ವಿಶ್ವಾಸದ ಬುಡದಲ್ಲೇ ಇದೆ. ವಿಮೋಚನಕಾಂಡದ 12ನೇ ಅಧ್ಯಾಯವನ್ನು ತೆರೆದು ನೋಡಿರಿ. ದೇವರು ಇಸ್ರಯೇಲರಿಗೆ ಮೊದಲು ತಿಂಗಳುಗಳ ಲೆಕ್ಕವನ್ನು ಕೊಡುತ್ತಾರೆ; ಹಿಂದೆಯೇ ಅಡುಗೆಯ ವಿವರವನ್ನು ಕೊಡುತ್ತಾರೆ. ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು. ಅದನ್ನು ಹೇಗೆ ಸುಡಬೇಕು, ಹೇಗೆ ತಿನ್ನಬೇಕು ಎಂಬುದೂ ಅಲ್ಲಿದೆ. ಆ ಪುಟದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸೂಚನೆಯಿದೆ. ಒಂದು ಕುರಿಮರಿಯನ್ನು ತಿಂದು ಮುಗಿಸಲಾರದಷ್ಟು ಚಿಕ್ಕ ಕುಟುಂಬವಾದರೆ, ಅದು ನೆರೆಮನೆಯವರೊಂದಿಗೆ ಕೂಡಿಕೊಂಡು ಹಂಚಿಕೊಳ್ಳಬೇಕು. ಅಂದರೆ ಮೊತ್ತಮೊದಲ ಪಾಸ್ಖದ ಊಟವೇ ನೆರೆಮನೆಯ ಬಾಗಿಲು ತಟ್ಟಿದ ಊಟ.

ಮುಂದಿನ ಹಬ್ಬಗಳಲ್ಲೂ ಇದೇ ಕಟ್ಟಳೆ. ಧರ್ಮೋಪದೇಶಕಾಂಡದ 16ನೇ ಅಧ್ಯಾಯವು ಹಬ್ಬದ ಸಂತೋಷದಲ್ಲಿ ಯಾರು ಯಾರು ಇರಬೇಕೆಂದು ಹೆಸರಿಸುತ್ತದೆ: ಮಕ್ಕಳು, ಆಳುಗಳು, ಪರದೇಶಿ, ಅನಾಥ, ವಿಧವೆ. ಸೆರೆಯಿಂದ ಹಿಂದಿರುಗಿದ ಜನ ಧರ್ಮಶಾಸ್ತ್ರವನ್ನು ಕೇಳಿ ಅತ್ತಾಗ, ಅಳಬೇಡಿರಿ, ಮನೆಗೆ ಹೋಗಿ ಒಳ್ಳೆಯ ಊಟ ಮಾಡಿರಿ, ಏನನ್ನೂ ಸಿದ್ಧಮಾಡಿಕೊಳ್ಳಲಾಗದವರಿಗೂ ಪಾಲು ಕಳುಹಿಸಿರಿ ಎಂಬ ಅಪ್ಪಣೆ ನೆಹೆಮೀಯನ ಗ್ರಂಥದ 8ನೇ ಅಧ್ಯಾಯದಲ್ಲಿದೆ. ಪೂರಿಮ್ ಹಬ್ಬದಂದು ಪರಸ್ಪರ ತಿಂಡಿಯನ್ನೂ ಬಡವರಿಗೆ ಕೊಡುಗೆಗಳನ್ನೂ ಕಳುಹಿಸಬೇಕೆಂದು ಎಸ್ತೇರಳ ಗ್ರಂಥ ವಿಧಿಸುತ್ತದೆ. ಇಷ್ಟು ಗ್ರಂಥಗಳು ಹೇಳುವುದು ಒಂದೇ ಮಾತು: ಹಬ್ಬದ ಅಡುಗೆಗೆ ಒಲೆಯಿಂದ ಇಳಿಸಿದೊಡನೆ ಎರಡು ದಾರಿಗಳಿವೆ, ಒಂದು ನಮ್ಮ ಎಲೆಗೆ, ಇನ್ನೊಂದು ಅಡುಗೆ ಮಾಡಲಾಗದವರ ಮನೆಗೆ.

ಉಪವಾಸ ಕಲಿಸಿದ ಅಡುಗೆ

ಪ್ಯಾನ್‌ಕೇಕಿನ ದಿನದ ಮಾತಿಗೆ ಬರೋಣ. ಹಿಂದಿನ ಕಾಲದ ಪಾಶ್ಚಾತ್ಯ ಧರ್ಮಸಭೆಯಲ್ಲಿ ತಪಸ್ಸುಕಾಲದ ನಿಯಮಗಳು ಇಂದಿನಂತಿರಲಿಲ್ಲ. ಮಾಂಸವಷ್ಟೇ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡಬೇಕಾಗಿತ್ತು. ಆದ್ದರಿಂದ ವಿಭೂತಿ ಬುಧವಾರದ ಹಿಂದಿನ ದಿನ ಮನೆಯಲ್ಲಿ ಉಳಿದ ಮೊಟ್ಟೆ, ಹಾಲು, ಬೆಣ್ಣೆಯನ್ನೆಲ್ಲ ಹಿಟ್ಟಿಗೆ ಸೇರಿಸಿ, ನಮ್ಮ ದೋಸೆಯಂತೆ ಕಾವಲಿಯ ಮೇಲೆ ಹುಯ್ದು ಮುಗಿಸುತ್ತಿದ್ದರು. ಅದೇ ಪ್ಯಾನ್‌ಕೇಕ್ ಮಂಗಳವಾರ. ಗೋವೆಯಲ್ಲಿ ಇಂದಿಗೂ ನಡೆಯುವ ಕಾರ್ನಿವಲ್‌ಗೂ ಇದೇ ಮೂಲ. ಮಾಂಸವನ್ನು ತೆಗೆದಿಡುವುದು ಎಂಬ ಅರ್ಥದಿಂದ ಆ ಪದ ಬಂದಿದೆಯೆನ್ನುತ್ತಾರೆ.

ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಆ ದಿನ ನಡೆಯುವ ಓಟ ಪ್ರಸಿದ್ಧವಾದುದು. 1445ರಲ್ಲಿ ಅಲ್ಲಿಯ ಗೃಹಿಣಿಯೊಬ್ಬಳು ಪ್ಯಾನ್‌ಕೇಕ್ ಮಾಡುತ್ತಿದ್ದಾಗ ಪಾಪನಿವೇದನೆಗೆ ಕರೆಯುವ ಗಂಟೆ ಮೊಳಗಿತಂತೆ. ತಡವಾಯಿತೆಂಬ ಗಾಬರಿಯಲ್ಲಿ ಆಕೆ ಏಪ್ರನ್ ಬಿಚ್ಚದೆ, ಕೈಯಲ್ಲಿದ್ದ ಬಾಣಲೆಯನ್ನೂ ಕೆಳಗಿಡದೆ ದೇವಾಲಯಕ್ಕೆ ಓಡಿದಳಂತೆ. ಆ ನೆನಪಿಗೆ ಇಂದಿಗೂ ಅಲ್ಲಿಯ ಸ್ತ್ರೀಯರು ಏಪ್ರನ್ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಾರಿಸುತ್ತಾ ಓಡುತ್ತಾರೆ. ಓಟ ಮುಗಿಯುವುದು ದೇವಾಲಯದ ಬಳಿ, ಬಳಿಕ ಪ್ರಾರ್ಥನೆ. 1950ರಿಂದ ಅಮೆರಿಕಾದ ಲಿಬರಲ್ ಎಂಬ ಪಟ್ಟಣದ ಸ್ತ್ರೀಯರೂ ಅದೇ ದಿನ ತಮ್ಮೂರಿನಲ್ಲಿ ಓಡಿ, ಎರಡೂ ಊರುಗಳ ವೇಗವನ್ನು ಹೋಲಿಸುತ್ತಾರೆ. ಅಡುಗೆಮನೆಯಿಂದ ಪಾಪನಿವೇದನೆಯ ಪೀಠಕ್ಕೆ ಓಡುವ ಗೃಹಿಣಿ! ನಾವು ಇಂದು ಯಾವ ಗಂಟೆಗೆ ಅಷ್ಟು ಅವಸರದಿಂದ ಓಡುತ್ತೇವೆ?

ಮನುಷ್ಯರು ಮೊಟ್ಟೆ ಬಿಟ್ಟರೂ ಕೋಳಿಗಳಿಗೆ ತಪಸ್ಸುಕಾಲವಿಲ್ಲ. ಮನೆಮನೆಯಲ್ಲೂ ಮೊಟ್ಟೆಗಳು ಉಳಿದುಬರುತ್ತಿದ್ದವು. ಪಾಸ್ಖ ಹಬ್ಬದಂದು ಅವನ್ನು ಬಣ್ಣ ಹಚ್ಚಿ ಹಂಚುವ ಸಂಪ್ರದಾಯ ಬೆಳೆಯಲು ಇದೂ ಒಂದು ಕಾರಣ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ 1290ರ ಲೆಕ್ಕದಲ್ಲಿ ಪಾಸ್ಖದ 450 ಮೊಟ್ಟೆಗಳಿಗಾಗಿ 18 ಪೆನ್ಸ್ ಖರ್ಚು ಬರೆದಿದೆ. ಅರಮನೆಯವರಿಗೆ ಹಂಚಲು ಅವುಗಳಿಗೆ ಬಣ್ಣವನ್ನೂ ಚಿನ್ನದ ರೇಕನ್ನೂ ಹಚ್ಚಿದ್ದರು.

ಶುಭ ಶುಕ್ರವಾರದ ಶಿಲುಬೆ ಗುರುತಿನ ಬನ್ನಿನ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ರಾಣಿ ಒಂದನೆಯ ಎಲಿಜಬೆತ್ ಆಳ್ವಿಕೆಯ 1592ರಲ್ಲಿ ಲಂಡನ್ನಿನ ಮಾರುಕಟ್ಟೆಯ ಅಧಿಕಾರಿಯು ಮಸಾಲೆ ಬೆರೆಸಿದ ಬನ್ನುಗಳ ಮಾರಾಟವನ್ನು ನಿಷೇಧಿಸಿದ. ಶವಸಂಸ್ಕಾರ, ಶುಭ ಶುಕ್ರವಾರ ಮತ್ತು ಕ್ರಿಸ್‌ಮಸ್ ಈ ಮೂರಕ್ಕೆ ಮಾತ್ರ ವಿನಾಯಿತಿ. ನಿಯಮ ಮೀರಿ ಮಾರಿದವನಿಗೆ ಶಿಕ್ಷೆ ಏನೆಂದು ಬಲ್ಲಿರಾ? ಅವನ ಬನ್ನುಗಳನ್ನೆಲ್ಲ ವಶಪಡಿಸಿಕೊಂಡು ಬಡವರಿಗೆ ಹಂಚುವುದು! ಆ ಊರಿನ ಬಡವರು ಇಂಥ ತಪ್ಪುಗಳು ಹೆಚ್ಚಾಗಲೆಂದೇ ಹಾರೈಸಿರಬೇಕು.

ಉಪವಾಸಕ್ಕೂ ಬಡವನಿಗೂ ಇರುವ ನಂಟು ಇಂಥ ಆಕಸ್ಮಿಕವಲ್ಲ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ರಚಿತವಾದ 'ಹೆರ್ಮಸನ ಕುರುಬ' ಎಂಬ ಗ್ರಂಥ ಉಪವಾಸದ ಲೆಕ್ಕವನ್ನು ಸ್ಪಷ್ಟವಾಗಿ ಹೇಳಿಕೊಡುತ್ತದೆ. ಉಪವಾಸದ ದಿನ ನೀನು ತಿನ್ನಬೇಕಾಗಿದ್ದ ಊಟದ ಬೆಲೆಯನ್ನು ಲೆಕ್ಕಹಾಕಿ, ಅದನ್ನು ವಿಧವೆಗೋ ಅನಾಥನಿಗೋ ಕೊಡಬೇಕು ಎಂಬುದು ಅದರ ಬೋಧನೆ. ಉಳಿಸಿದ ಊಟ ನಮ್ಮ ಜೇಬಿನಲ್ಲೇ ಉಳಿದರೆ ಅದು ಉಪವಾಸವಲ್ಲ, ಬರೀ ಉಳಿತಾಯ.

ಸಿಸಿಲಿಯ ಮೇಜು

ಹಬ್ಬ, ಅಡುಗೆ ಮತ್ತು ಬಡವ ಈ ಮೂರೂ ಅತ್ಯಂತ ಸುಂದರವಾಗಿ ಕೂಡಿಕೊಂಡಿರುವುದನ್ನು ನೋಡಬೇಕಾದರೆ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಬೇಕು. ಮಧ್ಯಯುಗದಲ್ಲಿ ಅಲ್ಲಿ ಭೀಕರ ಬರ ಬಂದಾಗ ಜನ ಸಂತ ಜೋಸೆಫರಿಗೆ ಹರಕೆ ಹೊತ್ತರೆಂದೂ, ಮಳೆ ಬರುವವರೆಗೆ ದನಕರುಗಳಿಗೆ ಹಾಕುತ್ತಿದ್ದ ಒಂದು ಬಗೆಯ ಅವರೆಯನ್ನು ತಿಂದು ಬದುಕಿದರೆಂದೂ ಪರಂಪರೆ ಹೇಳುತ್ತದೆ. ಆ ಕೃತಜ್ಞತೆಗೆ ಮಾರ್ಚ್ 19ರಂದು 'ಸಂತ ಜೋಸೆಫರ ಮೇಜು' ಸಿದ್ಧವಾಗುತ್ತದೆ. ತ್ರೈಏಕ ದೇವರ ನೆನಪಿಗೆ ಮೂರು ಮೆಟ್ಟಿಲುಗಳ ಮೇಜು. ಅದರ ಮೇಲೆ ಬಗೆಬಗೆಯ ಆಕಾರದ ರೊಟ್ಟಿಗಳು, ತರಕಾರಿಗಳು, ಹಣ್ಣುಗಳು, ಆ ಅವರೆ. ತಪಸ್ಸುಕಾಲವಾದ್ದರಿಂದ ಮಾಂಸವಿಲ್ಲ. ಶಾವಿಗೆಯಂಥ ಪಾಸ್ತಾದ ಮೇಲೆ ಹುರಿದ ರೊಟ್ಟಿಯ ಪುಡಿಯನ್ನು ಉದುರಿಸುತ್ತಾರೆ. ಅದು ಬಡಗಿಯಾಗಿದ್ದ ಜೋಸೆಫರ ಕಾರ್ಯಾಗಾರದ ಮರದ ಹೊಟ್ಟಿನ ಸಂಕೇತ!

ಊಟಕ್ಕೆ ಮೊದಲು ಒಂದು ಚಿಕ್ಕ ರೂಪಕವಿದೆ. ಊರಿನ ಬಡವರನ್ನೋ ಮಕ್ಕಳನ್ನೋ ಜೋಸೆಫ್, ಮರಿಯ ಮತ್ತು ಯೇಸುವಿನ ವೇಷದಲ್ಲಿ ಕರೆತರುತ್ತಾರೆ. ಅವರು ಒಂದು ಬಾಗಿಲು ತಟ್ಟುತ್ತಾರೆ. ಸ್ಥಳವಿಲ್ಲವೆಂಬ ಉತ್ತರ ಬರುತ್ತದೆ. ಎರಡನೆಯ ಬಾಗಿಲಲ್ಲೂ ಅದೇ ಮಾತು. ಮೂರನೆಯ ಬಾಗಿಲು ತೆರೆಯುತ್ತದೆ; ಸ್ವಾಗತ ಸಿಗುತ್ತದೆ. ಅವರು ಕುಳಿತು ಎಲ್ಲ ಬಗೆಯನ್ನೂ ರುಚಿ ನೋಡುವವರೆಗೆ ಬೇರೆ ಯಾರೂ ಉಣ್ಣುವಂತಿಲ್ಲ; ಮನೆಯ ಯಜಮಾನನೂ ಉಣ್ಣುವಂತಿಲ್ಲ. ಅಲ್ಲಿಂದ ವಲಸೆ ಹೋದವರು ಈ ಮೇಜನ್ನು ಅಮೆರಿಕಾದ ನ್ಯೂ ಆರ್ಲಿಯನ್ಸ್ ನಗರಕ್ಕೂ ಕೊಂಡೊಯ್ದರು. ಹಸಿವಿನ ನೆನಪಿಗೆ ಒಣಗಿದ ಒಂದು ಅವರೆಕಾಳನ್ನು ಚೀಲದಲ್ಲಿಟ್ಟುಕೊಳ್ಳುವ ರೂಢಿ ಅಲ್ಲಿ ಉಳಿದಿದೆ.

ಅದೇ ದ್ವೀಪದಲ್ಲಿ ಡಿಸೆಂಬರ್ 13, ಸಂತ ಲೂಸಿಯರ ಹಬ್ಬ. 1646ರ ಕ್ಷಾಮದಲ್ಲಿ ಆಕೆಯ ಹಬ್ಬದ ದಿನ ಧಾನ್ಯ ತುಂಬಿದ ಹಡಗುಗಳು ಬಂದರಿಗೆ ಬಂದವಂತೆ. ಹಸಿದ ಜನಕ್ಕೆ ಗೋಧಿಯನ್ನು ಬೀಸಿ ರೊಟ್ಟಿ ಮಾಡುವಷ್ಟೂ ತಾಳ್ಮೆಯಿರಲಿಲ್ಲ. ಇಡೀ ಕಾಳನ್ನೇ ಬೇಯಿಸಿ ತಿಂದರಂತೆ. ಅದಕ್ಕಾಗಿ ಇಂದಿಗೂ ಅಲ್ಲಿಯ ಅನೇಕರು ಆ ದಿನ ಹಿಟ್ಟಿನ ರೊಟ್ಟಿಯನ್ನೂ ಪಾಸ್ತಾವನ್ನೂ ಮುಟ್ಟದೆ, ಬೇಯಿಸಿದ ಗೋಧಿಯ 'ಕುಚ್ಚೀಯ' ಎಂಬ ಅಡುಗೆಯನ್ನು ತಿನ್ನುತ್ತಾರೆ. ಈಗ ಅದಕ್ಕೆ ಸಿಹಿ ಬೆರೆಸುತ್ತಾರೆ. ನಮ್ಮ ಗೋಧಿ ಪಾಯಸದ ನೆಂಟನೆನ್ನಬಹುದು. ಪಾಯಸ ಸಿಹಿಯಾದರೂ ಅದರ ತಳದಲ್ಲಿರುವುದು ಹಸಿವಿನ ನೆನಪು.

ಅರ್ಧ ಕಂಬಳಿ, ಒಂದು ಬೀಗ

ನವೆಂಬರ್ 11ರ ಸಂತ ಮಾರ್ಟಿನರ ಹಬ್ಬಕ್ಕೆ ಯುರೋಪಿನ ಹಲವೆಡೆ ಬಾತುಕೋಳಿಯ ಜಾತಿಯ ಹೆಬ್ಬಾತಿನ ಅಡುಗೆ. ತಮ್ಮನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಜನ ಹುಡುಕುತ್ತಾ ಬಂದಾಗ ವಿನಯಶೀಲರಾದ ಮಾರ್ಟಿನರು ಹೆಬ್ಬಾತುಗಳ ನಡುವೆ ಅಡಗಿಕೊಂಡರೆಂದೂ, ಅವು ಕೂಗಿ ಗುಟ್ಟು ಬಿಟ್ಟುಕೊಟ್ಟವೆಂದೂ ಕಥೆ. ನಿಜವಾದ ಕಾರಣ ಬೇರೆಯಿರಬೇಕು. ಸುಗ್ಗಿ ಮುಗಿದು, ಹೆಬ್ಬಾತುಗಳು ಕೊಬ್ಬಿರುವ ಕಾಲವದು. ಮೇಲಾಗಿ 581ರಲ್ಲಿ ಫ್ರಾನ್ಸಿನ ಮಾಕೋನ್ ಸಭೆಯು ಈ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿತ್ತು. ಆದರೆ ಮಕ್ಕಳು ದೀಪ ಹಿಡಿದು ಮೆರವಣಿಗೆ ಹೋಗುವುದು ಹೆಬ್ಬಾತಿನ ನೆನಪಿಗಲ್ಲ. ಆಮಿಯೆನ್ಸ್ ನಗರದ ದ್ವಾರದಲ್ಲಿ ಚಳಿಯಿಂದ ನಡುಗುತ್ತಿದ್ದ ಭಿಕ್ಷುಕನಿಗೆ, ಆಗಿನ್ನೂ ಸೈನಿಕರಾಗಿದ್ದ ಮಾರ್ಟಿನರು ತಮ್ಮ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ನೆನಪಿಗೆ. 'ಚಾಪೆಲ್' ಎಂದು ನಾವು ದಿನವೂ ಆಡುವ ಪದವೂ ಆ ಮೇಲಂಗಿಯನ್ನು ಕಾಪಾಡಿಟ್ಟ ಸ್ಥಳದ ಹೆಸರಿನಿಂದಲೇ ಬಂದದ್ದು. ಬಡವನೊಂದಿಗೆ ಹಂಚಿಕೊಂಡ ಅರ್ಧ ವಸ್ತ್ರವೇ ನಮ್ಮ ಪ್ರಾರ್ಥನಾಲಯಕ್ಕೆ ಹೆಸರಾಯಿತು!

ನಮ್ಮವರಿಗೆ ಹೆಚ್ಚು ಪರಿಚಿತವಾದದ್ದು ಸಂತ ಅಂತೋಣಿಯವರ ರೊಟ್ಟಿ. ಪಾದುವದಲ್ಲಿ ನೀರಿಗೆ ಬಿದ್ದು ಸತ್ತ ಮಗುವನ್ನು ಬದುಕಿಸಿದರೆ, ಮಗುವಿನ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುವೆನೆಂದು ತಾಯಿಯೊಬ್ಬಳು ಸಂತರಿಗೆ ಹರಕೆ ಹೊತ್ತಳೆಂಬುದು ಅದರ ಹಳೆಯ ಕಥೆ. ಹೊಸ ಕಥೆ ನಡೆದದ್ದು 1890ರಲ್ಲಿ, ಫ್ರಾನ್ಸಿನ ತುಲೋನ್ ನಗರದಲ್ಲಿ. ಲೂಯಿಸ್ ಬುಫಿಯೆ ಎಂಬಾಕೆಯ ಅಂಗಡಿಯ ಬೀಗ ಕೆಟ್ಟು ಬಾಗಿಲು ತೆರೆಯದಾಯಿತು. ಒಡೆಯದೆ ತೆರೆದರೆ ಬಡವರಿಗೆ ರೊಟ್ಟಿ ಕೊಡುವೆನೆಂದು ಆಕೆ ಅಂತೋಣಿಯವರನ್ನು ಬೇಡಿದಳು. ಬೀಗ ತೆರೆಯಿತು. ಆ ಸಣ್ಣ ಬೀಗ ತೆರೆದ ಬಾಗಿಲಿನಿಂದ ಲೋಕದ ಎಷ್ಟೋ ದೇವಾಲಯಗಳಿಗೆ ಬಡವರ ರೊಟ್ಟಿಯ ಪೆಟ್ಟಿಗೆಗಳು ಬಂದವು. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯಲ್ಲಿ ಉಳುವ ರೈತನಿಗೆ ಹೊಲದಲ್ಲಿ ದೊರೆತ ಸ್ವರೂಪದ ಸುತ್ತ ಬೆಳೆದ ಪುಣ್ಯಕ್ಷೇತ್ರವನ್ನು 2019ರಲ್ಲಿ ಬಸಿಲಿಕಾ ಎಂದು ಘೋಷಿಸಲಾಯಿತು. ಜೂನ್ 13ರ ಹಬ್ಬಕ್ಕೆ ಅಲ್ಲಿಗೆ ಬರುವವರಲ್ಲಿ ಅನ್ಯಧರ್ಮೀಯರೂ ಅನೇಕರು. ನೇಗಿಲ ಸಾಲಿನಲ್ಲಿ ಸಿಕ್ಕ ಸಂತರಿಗೆ ಅನ್ನದ ಬೆಲೆ ತಿಳಿದಿರದೆ ಇದ್ದೀತೆ?

ನಮ್ಮ ನೆಲದ ತೆನೆ

ಕರಾವಳಿಯ ಕಥೋಲಿಕರ ತೆನೆಹಬ್ಬ ಅಥವಾ ಮೊಂತಿ ಹಬ್ಬ ಈ ಸಾಲಿನಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಆಶೀರ್ವದಿಸಿದ ಹೊಸ ಭತ್ತದ ತೆನೆ ಪ್ರತಿ ಕುಟುಂಬಕ್ಕೂ ಸಿಗುತ್ತದೆ. ಆ ತೆನೆಯ ಕೆಲವು ಕಾಳುಗಳನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಹಂಚುತ್ತಾರೆ. ಮೀನು ಮಾಂಸ ಪ್ರಿಯರಾದ ಕರಾವಳಿಯವರು ಆ ದಿನ ಬಾಳೆಲೆಯ ಮೇಲೆ ಬರೀ ತರಕಾರಿಯ ಊಟ ಮಾಡುತ್ತಾರೆ. ಕೆಸುವಿನ ದಂಟು, ಬೆಂಡೆ, ಹೀರೆ, ಸೌತೆ, ಕೊನೆಗೆ ಕಡಲೆಬೇಳೆಯ ಪಾಯಸ 'ವೊರ್ನ್'. ನೆರೆಯ ತುಳುವರ ಹೊಸ ಅಕ್ಕಿಯ ಊಟ, ಕೊಡಗಿನ ಪುತ್ತರಿ ಇವೆಲ್ಲ ಇದಕ್ಕೆ ಒಡಹುಟ್ಟಿದವು. ನಮ್ಮ ವಿಶ್ವಾಸ ಈ ನೆಲದಲ್ಲಿ ಬೇರುಬಿಟ್ಟಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಂದು ಗದ್ದೆಯಿರುವ ಮನೆಗಳು ಕಡಿಮೆ. ಆದರೂ ಒಂದು ಕಾಳು ಲಕೋಟೆಯಲ್ಲಿ ಕುಳಿತು ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಬಳಿಗೆ ಹೋಗುತ್ತದೆ. ದೂರದಲ್ಲಿರುವವನಿಗೂ ಪಾಲುಂಟು ಎಂಬುದೇ ಆ ಕಾಳಿನ ಸಂದೇಶ.

ನೆರೆಯ ಕೇರಳದ ಸಂತ ತೋಮರ ಕ್ರೈಸ್ತರಲ್ಲಿ ಪವಿತ್ರ ಗುರುವಾರದ ರಾತ್ರಿ ಮನೆಯ ಹಿರಿಯರು ಹುಳಿಯಿಲ್ಲದ 'ಪೆಸಹಾ ಅಪ್ಪ'ವನ್ನು ಮುರಿದು, ತೆಂಗಿನ ಹಾಲು ಮತ್ತು ಬೆಲ್ಲದ ಪಾನಕದೊಂದಿಗೆ ಕೊಡುತ್ತಾರೆ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪವನ್ನು ಮಾಡುವ ವಾಡಿಕೆಯಿಲ್ಲ. ಆದರೆ ಆ ಮನೆಯವರು ಅಪ್ಪವಿಲ್ಲದೆ ಇರುವುದಿಲ್ಲ, ನೆರೆಹೊರೆಯವರು ತಂದುಕೊಡುತ್ತಾರೆ. ವಿಮೋಚನಕಾಂಡದ ಆ ಮೊದಲ ರಾತ್ರಿಯ ನೆರೆಮನೆ ಮತ್ತೆ ಇಲ್ಲಿ ಕಾಣಿಸಿಕೊಳ್ಳುತ್ತದೆ.

ಹೊಗೆಯಿಲ್ಲದ ಮನೆ

ಪ್ರಿಯ ಓದುಗರೇ, ಇಷ್ಟು ಕಥೆಗಳನ್ನು ಹೇಳುವ ನಾನು ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಪಾಲಕರ ಹಬ್ಬದ ಊಟಕ್ಕೆ ಕೂಪನ್ ವ್ಯವಸ್ಥೆಯನ್ನು ತಂದೆ. ಅದು ನನ್ನದೇ ಆಲೋಚನೆ. ವಂತಿಗೆ ಕೊಟ್ಟ ಕುಟುಂಬಕ್ಕೆ ತಲೆಗೊಂದರಂತೆ ಚೀಟಿ. ಊಟ ಪೋಲಾಗಲಿಲ್ಲ, ಗದ್ದಲವಾಗಲಿಲ್ಲ, ಲೆಕ್ಕ ಪೈಸೆಗೆ ಪೈಸೆ ಸರಿಹೋಯಿತು. ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ.

ಮರುದಿನ ಬೆಳಿಗ್ಗೆ ಪೂಜೆಗೆ ದಿನವೂ ಬರುವ ಅಜ್ಜಿಯೊಬ್ಬರು ಹೊರಗೆ ಕಾದಿದ್ದರು. ತಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಎರಡು ಮಕ್ಕಳೊಂದಿಗೆ ಬಂದು, ಕೂಪನ್ ಕೇಳಿದೊಡನೆ ಏನೂ ಮಾತಾಡದೆ ಹಿಂದಿರುಗಿದಳೆಂದು ಹೇಳಿದರು. ಅವಳ ಗಂಡನಿಗೆ ಮೂರು ತಿಂಗಳಿಂದ ಕೆಲಸವಿರಲಿಲ್ಲ, ವಂತಿಗೆ ಕೊಟ್ಟಿರಲಿಲ್ಲ. ನಾನು ತಬ್ಬಿಬ್ಬಾಗಿ, "ನನಗೆ ಒಂದು ಮಾತು ಹೇಳಿದ್ದರೆ ಕೊಡುತ್ತಿದ್ದೆನಲ್ಲಾ ಅಜ್ಜಿ" ಎಂದೆ. ಅಜ್ಜಿ ಮೆಲ್ಲಗೆ ಹೇಳಿದರು: "ಕೇಳಿಸ್ಕೊಂಡು ಕೊಡೋದು ಹಬ್ಬ ಅಲ್ಲ, ಸ್ವಾಮೇರೇ. ನಮ್ಮವ್ವ ಹಬ್ಬದ ದಿನ ಬೆಳಿಗ್ಗೆ ಎದ್ದು ಜಗಲಿ ಮೇಲೆ ನಿಂತ್ಕೊಂಡು ಊರಿನ ಸೂರುಗಳನ್ನ ನೋಡೋಳು. ಯಾರ ಮನೇಲಿ ಹೊಗೆ ಎದ್ದಿಲ್ವೋ ಆ ಮನೆಗೆ ಮೊದಲು ಅಡುಗೆ ಹೋಗ್ತಿತ್ತು. ಆಮೇಲೆ ನಮಗೆ."

ಕೊರಿಂಥದ ಕ್ರೈಸ್ತರಿಗೆ ಸಂತ ಪೌಲರು ಬರೆದದ್ದು ಆಗ ನನಗೆ ಚುಚ್ಚಿತು. ಒಬ್ಬನು ಹಸಿದಿರುವಾಗ ಇನ್ನೊಬ್ಬನು ಮುಂಚಿತವಾಗಿ ಉಂಡು ತಣಿಯುವುದಾದರೆ ಅದು ಪ್ರಭುವಿನ ಭೋಜನವಲ್ಲವೆಂದು ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಅವರು ಕಟುವಾಗಿ ಗದರಿಸುತ್ತಾರೆ. ಆ ಅಧ್ಯಾಯವನ್ನು ಗುರುಮಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಬಲಿಪೂಜೆಯಲ್ಲಿ ಬೋಧಿಸಿಯೂ ಇದ್ದೆ. ಆದರೆ ಅದನ್ನು ನನಗೆ ಕಲಿಸಿದ್ದು ಆ ಅಜ್ಜಿ. ಅದೇ ದಿನ ಸಂಜೆ ನಾನು ಆ ಹೆಣ್ಣುಮಗಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆ ಒಂದು ಲೋಟ ಕಪ್ಪು ಕಾಫಿ ಕೊಟ್ಟಳು. ಆ ಹಬ್ಬದಲ್ಲಿ ನನಗೆ ದೊರೆತ ನಿಜವಾದ ಊಟ ಅದೇ. ಮರುವರ್ಷದಿಂದ ಕೂಪನ್ ಇರಲಿಲ್ಲ. ಸ್ವಲ್ಪ ಗದ್ದಲವಾಯಿತು, ಸಾರು ಒಮ್ಮೆ ಸಾಲದೆ ಬಂತು. ಯಾರೂ ಹಿಂದಿರುಗಿ ಹೋಗಲಿಲ್ಲ.

ಆದ್ದರಿಂದ ನಮ್ಮ ಯುವಜನರು ಡೋನಟ್ ದಿನವನ್ನೋ ಚಾಕೊಲೇಟ್ ದಿನವನ್ನೋ ಆಚರಿಸಿದರೆ ನನ್ನ ಆಕ್ಷೇಪಣೆಯಿಲ್ಲ. ನಗುವಿಗೆ, ಸಿಹಿಗೆ ನಮ್ಮ ವಿಶ್ವಾಸ ಎಂದೂ ಶತ್ರುವಲ್ಲ. ಆದರೆ ಪ್ರತಿಯೊಂದು ದಿನವನ್ನೂ ಒಂದು ಪ್ರಶ್ನೆಯಿಂದ ಅಳೆಯೋಣ: ಈ ದಿನದ ಸಿಹಿಯಲ್ಲಿ ಯಾರ ಪಾಲು ಇದೆ? ಅಕ್ಟೋಬರ್ 16ನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1981ರಿಂದ ವಿಶ್ವ ಆಹಾರ ದಿನವೆಂದು ಆಚರಿಸುತ್ತಿದೆ. ಆ ದಿನಕ್ಕೆ ವಿಶೇಷ ತಿಂಡಿಯಿಲ್ಲ, ಅಂಗಡಿಗಳಲ್ಲಿ ಪುಕ್ಕಟೆ ಹಂಚಿಕೆಯೂ ಇಲ್ಲ. ನಮ್ಮ ಕುಟುಂಬಗಳು ಆ ದಿನ ಒಂದು ಹೊತ್ತಿನ ಊಟದ ಬೆಲೆಯನ್ನು, ಆ ಹಳೆಯ ರೋಮಿನ ಲೆಕ್ಕದಂತೆ, ಬೇರೆ ತೆಗೆದಿಟ್ಟರೆ ಹೇಗೆ?

ಆ ಹುಡುಗನಿಗೆ ಹೆಲೆನ್ ಪರ್ವಿಯನ್ಸಳ ಕಥೆಯನ್ನು ಮುಂದಿನ ಭಾನುವಾರ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಾಲಿನಲ್ಲಿ ನಾವು ಯಾವ ಕಡೆ ನಿಲ್ಲಬೇಕು ಫಾದರ್, ತಿನ್ನುವ ಕಡೆಯೋ ಕರಿಯುವ ಕಡೆಯೋ?" ಎಂದು ಕೇಳಿದ. ಉತ್ತರ ಅವನಿಗೇ ಗೊತ್ತಿತ್ತು.

ಈಗ ಹಳ್ಳಿಗಳಲ್ಲೂ ಮನೆಮನೆಗೆ ಗ್ಯಾಸ್ ಒಲೆ ಬಂದಿದೆ. ಯಾವ ಸೂರಿನಿಂದಲೂ ಹೊಗೆ ಏಳುವುದಿಲ್ಲ. ಜಗಲಿಯ ಮೇಲೆ ನಿಂತು ನೋಡಿದರೆ ಹಸಿದ ಮನೆ ಯಾವುದು, ಉಂಡ ಮನೆ ಯಾವುದು ಎಂದು ತಿಳಿಯುವುದಿಲ್ಲ. ಮುಂದಿನ ಹಬ್ಬದ ಬೆಳಿಗ್ಗೆ ನಾವು ಜಗಲಿಯಿಂದ ಇಳಿದು, ಬಾಗಿಲು ತಟ್ಟಿಯೇ ತಿಳಿಯಬೇಕಾಗಿದೆ.